ವಾಲೋ ಬೋಟಿಗೆ ಟ್ರಿಮ್ ಟ್ಯಾಬಾ, ನೀರಿನ ಕ್ಯಾನಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು 20 ಲೀಟರ್ ನೀರಿನ ಕ್ಯಾನಿಗೆ. ಅದೇ, ಬೆಂಗಳೂರಲ್ಲಿ ಅರ್ಧ ಊರಿನ ಅಡುಗೆಮನೆ ಮೂಲೇಲಿ ಕೂತಿರುತ್ತಲ್ಲ, ಆ ಕ್ಯಾನು. ಬೋಟು ಒಂದೇ ಕಡೆ ಯಾಕೆ ವಾಲುತ್ತೆ ಅಂತ ಪತ್ತೆ ಮಾಡೋಕೆ ಅದಕ್ಕಿಂತ ಒಳ್ಳೇ ಸಾಮಾನು ನನಗಂತೂ ಸಿಕ್ಕಿಲ್ಲ, ನಮ್ಮ ಭಾವ 50 ಸಾವಿರ ದಾಟಿಸಿ ಹಾಕಿಸಿದ ಎಲೆಕ್ಟ್ರಿಕ್ ಟ್ರಿಮ್ ಟ್ಯಾಬೂ (ಬೋಟಿನ ಹಿಂದೆ ಕೆಳಗಡೆ ಹಾಕೋ, ಏರಿಸಿ ಇಳಿಸೋ ತಗಡು) ಸೇರಿಸ್ಕೊಂಡೇ ಹೇಳ್ತಿದೀನಿ.

ಬೋಟು ನಂದೂ ಭಾವಂದೂ ಅರ್ಧರ್ಧ. 16 ಅಡಿ ಫೈಬರ್ ಬೋಟು, ಹಿಂದೆ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಸೆಕೆಂಡ್ ಹ್ಯಾಂಡ್. ಹಲಸೂರು ಕೆರೆಗೋ ಸ್ಯಾಂಕಿ ಕೆರೆಗೋ ಇಳಿಸೋಕೆ ನಮ್ಮನ್ನ ಯಾರು ಬಿಡ್ತಾರೆ, ಹಾಗಾಗಿ ವರ್ಷದಲ್ಲಿ ಮುಕ್ಕಾಲು ಪಾಲು ಕೆಂಗೇರಿ ಹತ್ರ ಸೈಟಲ್ಲಿ ಟ್ರೇಲರ್ ಮೇಲೆ ಟಾರ್ಪಾಲಿನ್ ಹೊದ್ಕೊಂಡು ಇರುತ್ತೆ, ರಜ ಸಿಕ್ಕಾಗ ಶಿರಾಡಿ ಘಾಟಿ ಇಳ್ಸಿ ಕುಂದಾಪುರದ ಹೊಳೆಗೆ ತಗೊಂಡು ಹೋಗ್ತೀವಿ, ಭಾವಂದು ಅದೇ ಕಡೆ ಊರು. ಬಂದಾಗಿಂದ ಎಡಕ್ಕೆ ವಾಲ್ತಾ ಇತ್ತು. ನಿಂತಾಗ ಸ್ವಲ್ಪ, ಓಡುವಾಗ ಇನ್ನೂ ಸ್ವಲ್ಪ ಜಾಸ್ತಿ.

ಬಿಡಿಭಾಗ ಮಾರೋ ಅಂಗಡಿಯವರೊಬ್ರಿಗೆ ಫೋನ್ ಮಾಡಿದ್ರೆ ನೋಡ್ದೇನೇ ಹೇಳ್ಬಿಟ್ರು, "ಸರ್ ಅದು ಪ್ರೊಪೆಲ್ಲರ್ ಟಾರ್ಕ್, ಟ್ರಿಮ್ ಟ್ಯಾಬ್ ಹಾಕ್ಸಿ ಸರಿ ಹೋಗುತ್ತೆ" ಅಂತ. ಟಾರ್ಕ್, ಅಂದ್ರೆ ತಿರುಗಿಸೋ ಬಲ, ಅನ್ನೋದು ಸುಳ್ಳಲ್ಲ. ಹಿಂದಿನಿಂದ ನೋಡಿದ್ರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತೆ, ಅದರ ಪ್ರತಿಯಾಗಿ ಬೋಟು ಎಡಕ್ಕೆ ಉರುಳೋಕೆ ನೋಡುತ್ತೆ. ಸ್ಟೇರಿಂಗು ಸೀಟು ಎರಡೂ ಬಲಗಡೆ ಇಡೋಕೆ ಅದೂ ಒಂದು ಕಾರಣ. ಆದ್ರೆ ಎಷ್ಟು ಟಾರ್ಕು ಅಂತ ಯಾರೂ ಲೆಕ್ಕ ಹಾಕಲ್ಲ. 40 ಎಚ್‌ಪಿ, 5000 ಆರ್‌ಪಿಎಂ, ಗೇರಲ್ಲಿ ಎರಡಕ್ಕೊಂದು (ಎಂಜಿನ್ ಎರಡು ಸುತ್ತಿಗೆ ಪ್ರೊಪೆಲ್ಲರ್ ಒಂದು ಸುತ್ತು) ಅಂತ ಇಟ್ಕೊಂಡ್ರೂ ಪ್ರೊಪೆಲ್ಲರ್ ಹತ್ರ ಸುಮಾರು 11 ಕೆಜಿ-ಮೀಟರ್ ಬರುತ್ತೆ, ಅಂದ್ರೆ ತುಂಬಿದ ಕ್ಯಾನೊಂದನ್ನ ಮಧ್ಯದಿಂದ ಅರ್ಧ ಮೀಟರ್ ಎಡಕ್ಕೆ ಇಟ್ಟಷ್ಟು. ನಾನು 75 ಕೆಜಿ, ಮಧ್ಯದಿಂದ 40 ಸೆಂಟಿಮೀಟರ್ ಬಲಕ್ಕೆ ಕೂತ್ರೆ 30 ಕೆಜಿ-ಮೀಟರ್. ಲೆಕ್ಕದ ಪ್ರಕಾರ ಒಬ್ಬನೇ ಓಡಿಸುವಾಗ ಬೋಟು ಬಲಕ್ಕೆ ವಾಲ್ಬೇಕು! ಎಡಕ್ಕೆ ವಾಲುತ್ತೆ ಅಂದ್ರೆ ಕಾರಣ ಬೇರೆ ಏನೋ ಇದೆ. ಇದನ್ನ ಭಾವನಿಗೆ ಪೇಪರ್ ಮೇಲೆ ಬರ್ದು ತೋರಿಸಿದೆ, "ನಿನ್ ಲೆಕ್ಕ ನಿನ್ ಹತ್ರಾನೇ ಇಟ್ಕೋ ಮಾರಾಯ" ಅಂದು ಟ್ಯಾಬ್ ಆರ್ಡರ್ ಮಾಡೇ ಬಿಟ್ರು.

ಸರಿ, ಟ್ಯಾಬ್ ಬಂತು, ಕೂತೂ ಆಯ್ತು. ಬೋಟಿನ ಹಿಂಬದಿ ಹಲಗೆಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ಸ್ಟೀಲ್ ತಗಡು, ಸ್ವಿಚ್ ಒತ್ತಿದ್ರೆ ಮೋಟ್ರು ತಗಡನ್ನ ಕೆಳಗೆ ತಳ್ಳುತ್ತೆ, ಓಡೋ ನೀರು ಅದಕ್ಕೆ ಬಡಿದು ಆ ಕಡೆ ಮೂಲೆಯನ್ನ ಮೇಲಕ್ಕೆತ್ತುತ್ತೆ. ಸ್ಪೀಡಲ್ಲಿ ನೋಡೋಕೆ ಖುಷಿಯಾಗುತ್ತೆ, ಅದನ್ನ ಇಲ್ಲ ಅನ್ನಲ್ಲ, ಒತ್ತಿದ ತಕ್ಷಣ ಬೋಟು ನೇರ ನಿಲ್ಲುತ್ತೆ.

ಆದ್ರೆ "ಓಡೋ ನೀರು" ಅಂದ್ನಲ್ಲ, ತಲೆನೋವು ಇರೋದೇ ಅಲ್ಲಿ. ಬೋಟು ನಿಂತಿದ್ರೆ ಟ್ಯಾಬ್ ಇದ್ದೂ ಇಲ್ಲದ ಹಾಗೆ, ನಿಧಾನಕ್ಕೆ ಹೋಗ್ತಿದ್ರೂ ಹೆಚ್ಚುಕಮ್ಮಿ ಹಾಗೇ, ಬೋಟು ಎದ್ದು ನೀರಿನ ಮೇಲೆ ಜಾರೋ ಸ್ಪೀಡಿಗೆ ಬಂದ್ಮೇಲೇನೇ ಅದು ಸರಿಯಾಗಿ ಕೆಲಸ ಮಾಡೋದು. ಕುಂದಾಪುರದ ಹೊಳೇಲಿ ನಾವು ಓಡಾಡೋದು ಹೇಗೆ ಗೊತ್ತಾ, ಇಲ್ಲೊಂದು ಮರಳ ದಿಬ್ಬ, ಅಲ್ಲೊಂದು ಬಲೆ, ಮಧ್ಯೆ ದೋಣಿಯವ್ರು ಕೈ ಎತ್ತಿ ನಿಧಾನ ನಿಧಾನ ಅಂತಿರ್ತಾರೆ. ಫುಲ್ ಸ್ಪೀಡು ಸಿಗೋದೇ ಅಪರೂಪ. ಗಾಳ ಹಾಕ್ಕೊಂಡು ಕೂತಿರುವಾಗ ಬೋಟು ಹಳೇ ಥರಾನೇ ಎಡಕ್ಕೆ, ಕಾಫಿ ಲೋಟ ಎಡಕ್ಕೆ ಜಾರುತ್ತೆ, ಭಾವ ಸ್ವಿಚ್ ಒತ್ತುತ್ತಾರೆ, ಮೋಟ್ರು ಗುಂಯ್ ಅನ್ನುತ್ತೆ, ಏನೂ ಆಗಲ್ಲ.

ಇನ್ನು ಸ್ವಿಚ್ಚಿನ ಕಥೆ. ಎಡ ಸ್ವಿಚ್ಚಲ್ಲಿ ಮೂತಿ ಕೆಳಗೆ ಅನ್ನೋದನ್ನ ಒತ್ತಿದ್ರೆ ಇಳಿಯೋದು ಬಲಗಡೆ ತಗಡು! ವೈರಿಂಗ್ ತಪ್ಪಲ್ಲ, ಮಾಡೋದೇ ಹಾಗೆ, ಯಾಕಂದ್ರೆ ಬಲ ಹಿಂಬದಿ ಎದ್ರೆ ಎಡ ಮೂತಿ ತಗ್ಗುತ್ತೆ, ಸ್ವಿಚ್ ಮೂತಿಯ ಲೆಕ್ಕದಲ್ಲಿರುತ್ತೆ. ಗೊತ್ತಾದ್ಮೇಲೆ ಸುಲಭ, ಆದ್ರೆ ಎದುರಿಂದ ಮೀನಿನ ದೋಣಿ ಬರ್ತಿರುವಾಗ ಭಾವ ಉಲ್ಟಾ ಒತ್ತಿ ಬೋಟು ಇನ್ನೂ ಎಡಕ್ಕೆ ಮಲಗಿದ್ದು ನಾನು ಮರೆಯಲ್ಲ, ಅಕ್ಕನೂ ಮರೆತಿಲ್ಲ. ಒಂದೇ ಕಡೆ ತಗಡು ಜಾಸ್ತಿ ಇಳಿಸಿದ್ರೆ ಬೋಟು ಆ ಕಡೆಗೇ ಎಳೆಯುತ್ತೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ, ಅಲೆ ಹಿಂದಿಂದ ಬರ್ತಿದ್ರೆ ಮೂತಿ ತಗ್ಗಿಸ್ಕೊಂಡು ಹೋಗೋದು ಅಪಾಯ ಬೇರೆ. ರಿವರ್ಸ್ ತಗೊಳ್ಳುವಾಗ ಎರಡನ್ನೂ ಮೇಲೆತ್ತೋದು ನೆನಪಿರ್ಬೇಕು.

ಅದೆಲ್ಲಾ ಸಹಿಸ್ಕೋಬಹುದು. ನನಗೆ ಸಹಿಸೋಕಾಗದೇ ಇದ್ದಿದ್ದು, ಟ್ಯಾಬ್ ಬಂದ್ಮೇಲೆ ಕಾರಣ ಏನು ಅಂತ ಹುಡುಕೋ ಆಸಕ್ತೀನೇ ಭಾವನಿಗೆ ಹೊರಟೋಯ್ತು. ಹಲ್ಲು ಕೊಳೀತಿದ್ರೂ ನೋವಿನ ಮಾತ್ರೆ ನುಂಗ್ಕೊಂಡು ಓಡಾಡೋರ ಥರ.

ಟ್ಯಾಬ್ ಆದ್ಮೇಲೆ ಟ್ರೈ ಮಾಡಿದ ಎರಡನೇದು, ಎಂಜಿನ್ನಿನ ನೀರಿಗಿಳಿಯೋ ಕಾಲಲ್ಲಿ ಪ್ರೊಪೆಲ್ಲರ್ ಮೇಲ್ಗಡೆ ಇರೋ ಚಿಕ್ಕ ರೆಕ್ಕೆ. ಸ್ಟೇರಿಂಗ್ ಯಾವ ಕಡೆ ಎಳೆಯುತ್ತೋ ಆ ಕಡೆಗೆ ರೆಕ್ಕೆಯ ಹಿಂತುದಿ ತಿರುಗಿಸ್ಬೇಕು, ಸ್ವಲ್ಪಸ್ವಲ್ಪವೇ. ನಮ್ದು ಬಲಕ್ಕೆ ಎಳೀತಿತ್ತು, ಬಲಕ್ಕೆ ತಿರುಗಿಸಿದೆ, ಕೈ ನೋವು ಹೋಯ್ತು. ವಾಲೋದು ಹೋಗ್ಲಿಲ್ಲ, ಯಾಕಂದ್ರೆ ಅದು ಇರೋದೇ ಸ್ಟೇರಿಂಗ್ ಎಳೆತಕ್ಕೆ. ದುಡ್ಡು ಖರ್ಚಿಲ್ಲ, ಎಲ್ರೂ ಮಾಡ್ಬಹುದು. ಪೇಂಟ್ ಮಾತ್ರ ಹೊಡೀಬೇಡಿ, ಉಪ್ಪುನೀರಿನ ತುಕ್ಕಿಂದ ಎಂಜಿನ್ನನ್ನ ಕಾಪಾಡೋ ಲೋಹ ಅದು.

ಪ್ರೊಪೆಲ್ಲರ್ ಬದಲಾಯಿಸೋದನ್ನ ನಾನು ಟ್ರೈ ಮಾಡ್ಲಿಲ್ಲ, ಮೇಲಿನ ಲೆಕ್ಕ ನೋಡಿದ್ಮೇಲೆ ಮನಸ್ಸೇ ಬರ್ಲಿಲ್ಲ.

ತುಮಕೂರು ರೋಡಲ್ಲಿ ಒಂದು ವೇಬ್ರಿಡ್ಜಿಗೂ ಟ್ರೇಲರ್ ಸಮೇತ ಹತ್ತಿಸಿದೆ. ಪೇಪರಲ್ಲಿರೋದಕ್ಕಿಂತ ತೂಕ ಜಾಸ್ತಿ ಅಂತ ಗೊತ್ತಾಯ್ತು, ಎಲ್ಲಿ ಜಾಸ್ತಿ ಅಂತ ಗೊತ್ತಾಗ್ಲಿಲ್ಲ. ಎಡ ಚಕ್ರ ಒಂದನ್ನೇ ಇಟ್ಟು ತೂಗ್ತೀನಿ ಅಂದ್ರೆ ಅಲ್ಲಿದ್ದವ್ರು ಹಿಂದೆ ನಿಂತಿರೋ ಲಾರಿ ಲೈನ್ ತೋರಿಸಿದ್ರು.

ಈಗ ಕ್ಯಾನಿಗೆ ಬರೋಣ. ಗಾಳಿ ಇಲ್ಲದ ಬೆಳಿಗ್ಗೆ, ಅಲೆ ಇಲ್ಲದ ಜಾಗ. ಬೋಟಿಂದ ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಲಂಗರು, ಚಪ್ಪಲಿವರೆಗೂ ಎಲ್ಲಾ ಇಳಿಸಿ. ತಳದಲ್ಲಿ ನಿಂತಿರೋ ನೀರನ್ನ ಒಂದು ಹನಿ ಬಿಡದೆ ತೆಗೀರಿ, ಇದನ್ನ ಬಿಟ್ರೆ ಎಲ್ಲಾ ವೇಸ್ಟು, ಆ ನೀರು ವಾಲಿದ ಕಡೆಗೇ ಓಡಿ ಇನ್ನೂ ವಾಲಿಸುತ್ತೆ. ಕ್ಯಾನೂ ಪೂರ್ತಿ ತುಂಬಿರ್ಲಿ, ಅರ್ಧ ಇದ್ರೆ ಒಳಗೆ ಕುಲುಕುತ್ತೆ. ಎರಡೂ ಕಡೆ ಅಂಚಿಂದ ನೀರಿನವರೆಗೆ ಟೇಪ್ ಹಿಡಿದು ಅಳೀರಿ, ಬೋಟಲ್ಲಿ ಯಾರೂ ಇರ್ಬಾರ್ದು, ನೀರಲ್ಲಿ ನಿಂತು ಅಳೀಬೇಕು. ಆಮೇಲೆ ಎದ್ದಿರೋ ಕಡೆ ಕ್ಯಾನ್ ಇಡ್ತಾ ಬನ್ನಿ, ಎರಡೂ ಅಳತೆ ಒಂದೇ ಆಗೋವರೆಗೆ.

ನಮ್ದು ಖಾಲಿ ಬೋಟೇ ಎಡಕ್ಕೆ ವಾಲಿತ್ತು. ಮಧ್ಯದಿಂದ 70 ಸೆಂಟಿಮೀಟರ್ ಬಲಕ್ಕೆ ಎರಡು ಕ್ಯಾನ್ ಇಟ್ಟಾಗ ಸಮ ಆಯ್ತು. ಕ್ಯಾನ್ ತೂಕವೂ ಸೇರಿ 42 ಕೆಜಿ, ಅಂದ್ರೆ 29 ಕೆಜಿ-ಮೀಟರ್. ಬ್ಯಾಟರಿ ಇಲ್ಲ, ಟ್ಯಾಂಕ್ ಇಲ್ಲ, ಎಂಜಿನ್ ಎರಡೂ ಮೂಲೆಯಿಂದ ಅಳೆದ್ರೆ ಸರಿಯಾಗಿ ಮಧ್ಯದಲ್ಲಿದೆ, ಹಾಗಾದ್ರೆ ಎಡಗಡೆ ಫ್ಲೋರ್ ಕೆಳಗೆ ಸುಮಾರು 50 ಕೆಜಿ ಏನೋ ಅಡಗಿದೆ. ವೇಬ್ರಿಡ್ಜ್ ಜಾಸ್ತಿ ತೋರಿಸಿದ್ದೂ ಹತ್ತತ್ರ ಅಷ್ಟೇ. ಸೈಟಿಗೆ ತಂದು ಎಡಗಡೆ ಫ್ಲೋರಿಗೆ ರಂಧ್ರ ಕೊರೆದು ಚೂಪಾದ ಪೈಪ್ ಚುಚ್ಚಿ ತೆಗೆದ್ರೆ ಒಳಗಿನ ಫೋಮ್ ಹಿಂಡಿದ್ರೆ ನೀರು ಸೋರೋ ಹಾಗಿತ್ತು, ಬಲಗಡೆದು ಒಣಗಿಕೊಂಡು ಪುಡಿಪುಡಿ. ಹಳೇ ಓನರ್ ಗಾಳ ಸಿಕ್ಕಿಸೋ ಹೋಲ್ಡರಿಗೆ ಎಡಗಡೆ ಹೊಡೆದ ಸ್ಕ್ರೂಗಳ ಸೀಲೆಂಟ್ ಬಿರುಕು ಬಿಟ್ಟಿತ್ತು, ಮಳೆನೀರೂ ಹೊಳೆನೀರೂ ಅಲ್ಲಿಂದಾನೇ ಇಳಿದಿದ್ದು.

ಪೀಣ್ಯದ ಫೈಬರ್ ಕೆಲಸದವ್ರೊಬ್ರ ಕೈಲಿ ಫ್ಲೋರ್ ಕತ್ತರಿಸಿ, ನೆಂದ ಫೋಮ್ ಕಿತ್ತು, ಒಳಗೆ ಒಣಗಿಸಿ, ನೀರು ಕುಡಿಯದ ಫೋಮ್ ತುಂಬಿಸಿ ಮುಚ್ಚಿಸಿದ್ದಾಯ್ತು. ಟ್ಯಾಬಿಗೆ ಕೊಟ್ಟಿದ್ದಕ್ಕಿಂತ ಕಮ್ಮೀಲೇ ಮುಗೀತು. ಫೋಮ್ ಯಾಕೆ ಬೇಕು ಖಾಲಿ ಬಿಡೋಣ ಅಂದ್ರು ಭಾವ, ಅದಕ್ಕೆ ಮಾತ್ರ ನಾನು ಒಪ್ಲಿಲ್ಲ, ಬೋಟಲ್ಲಿ ನೀರು ತುಂಬಿದ ದಿನ ಮುಳುಗದ ಹಾಗೆ ಹಿಡ್ಕೊಳ್ಳೋದೇ ಆ ಫೋಮು.

ಈಗ ನಿಂತಾಗ ನೇರ. ನಾನೊಬ್ಬನೇ ಓಡಿಸುವಾಗ ಚೂರು ಬಲಕ್ಕೆ ಇತ್ತು, ಬ್ಯಾಟರಿನ ಬಲದಿಂದ ಎಡಕ್ಕೆ ತಂದೆ, ಅದೂ ಹೋಯ್ತು. ಮಧ್ಯರೇಖೆ ದಾಟಿಸಿದ್ರೆ ಲಾಭ ಡಬಲ್, ಒಂದು ಕಡೆ ಕಳೆದಿದ್ದು ಇನ್ನೊಂದು ಕಡೆ ಕೂಡುತ್ತೆ.

ಟ್ಯಾಬ್ ಯಾರಿಗೆ? ಐದಾರು ಜನ ಹತ್ತಿಸ್ಕೊಂಡು, ಅವ್ರು ಸೆಲ್ಫಿಗೆ ಅಂತ ಆ ಕಡೆ ಈ ಕಡೆ ಎದ್ದು ಓಡಾಡ್ತಾ, ಉದ್ದಕ್ಕೂ ಸ್ಪೀಡಲ್ಲಿ ಹೋಗೋರಿಗೆ. ದುಡ್ಡಿದ್ರೆ ಹಾಕ್ಸಿ, ಆದ್ರೆ ಕ್ಯಾನ್ ಟೆಸ್ಟ್ ಆದ್ಮೇಲೆ. ನಮ್ಮಂಗೆ ಇಬ್ರು ಮೂವರು ನಿಧಾನಕ್ಕೆ ಮೀನು ಹಿಡಿಯೋಕೆ ಹೋಗೋರಿಗೆ ಬೇಡ.

ನಿಮ್ಮ ಬೋಟು ನಿಂತಾಗ ನೇರ ಇದ್ದು ಓಡುವಾಗ ಮಾತ್ರ ವಾಲಿದ್ರೆ ಕ್ಯಾನ್ ಹೊರೋ ಮುಂಚೆ ಒಂದು ಕೆಲಸ ಮಾಡಿ, ಅದೇ ದಾರೀಲಿ ವಾಪಸ್ ಓಡಿಸಿ ನೋಡಿ. ಹೋಗುವಾಗ ಎಡಕ್ಕೆ ಬರುವಾಗ ಬಲಕ್ಕೆ ವಾಲಿದ್ರೆ ಅದು ಗಾಳಿ, ಮಧ್ಯಾಹ್ನ ಕಡಲ ಗಾಳಿ ಎದ್ಮೇಲೆ ನಮ್ಗೂ ಹಾಗೇ ಆಗುತ್ತೆ. ವಿ ಆಕಾರದ ತಳ ಇದ್ರೆ ಬೋಟು ಗಾಳಿ ಬರೋ ಕಡೆಗೇ ವಾಲೋದು, ಯಾಕಂದ್ರೆ ಗಾಳಿ ಮೂತಿನ ಆಚೆ ತಳ್ಳುತ್ತೆ, ನೀವು ನೇರ ಹೋಗೋಕೆ ಸ್ಟೇರಿಂಗನ್ನ ಗಾಳಿ ಬರೋ ಕಡೆ ಹಿಡೀತೀರ, ಬೋಟು ತಿರುಗಿಸಿದ ಕಡೆಗೇ ವಾಲುತ್ತೆ. ಅದಕ್ಕೆ ಫೋಮೂ ಬೇಡ ಬ್ಯಾಟರಿನೂ ಬೇಡ. ಭಾವನ ಟ್ಯಾಬ್ ಈಗ ಕೆಲಸಕ್ಕೆ ಬರೋದು ಅದೊಂದಕ್ಕೇ.