ಕ್ರೋಮ್ ಚಕ್ರ ಕಪ್ಪಾಗಬೇಕು: ಪೇಂಟೋ, ಪೌಡರ್ ಕೋಟಿಂಗೋ, ರಬ್ಬರ್ ಸ್ಪ್ರೇನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಬ್ಬರ್ ಸ್ಪ್ರೇಗೆ. ಬೇಡ ಅನ್ನಿಸಿದಾಗ ಸುಲಿದು ಎಸೆಯಬಹುದಾದ ಬಣ್ಣ ಅದು. ಪ್ಲಾಸ್ಟಿ ಡಿಪ್ ತರಹದ್ದು ಅಂದರೆ ಬೇಗ ಗೊತ್ತಾಗುತ್ತದೆ. ಆದರೆ ಈ ಬುದ್ಧಿ ಬರುವ ಹೊತ್ತಿಗೆ ಕಾರಿನ ನಾಲ್ಕು ಚಕ್ರಗಳಿಗೆ ಪೇಂಟ್ ಹೊಡೆದು ಕೆಡಿಸಿಕೊಂಡಿದ್ದೆ, ಇನ್ನೊಂದು ಸೆಟ್ಟನ್ನು, ಬಣ್ಣದ ಪುಡಿ ಹಚ್ಚಿ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್‌ಗೆ ಕೊಟ್ಟಿದ್ದೆ.

ಕ್ರೋಮ್ ಮೇಲೆ ಪೇಂಟ್ ನಿಲ್ಲುವುದಿಲ್ಲ ಅಂತ ನೋಡಿದವರೆಲ್ಲ ಹೇಳಿದರು. ನಾನು ಕೇಳಲಿಲ್ಲ. ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳ್ಳಗಿರುತ್ತದೆ, ಅದರ ಕೆಳಗಿರುವುದು ನಿಕಲ್. ತೆಳ್ಳಗಿದ್ದರೂ ಅದು ಬಲು ಗಟ್ಟಿ, ಗಾಜಿನಷ್ಟು ನುಣುಪು. ಬಣ್ಣ ಹಿಡಿದುಕೊಳ್ಳೋಣ ಅಂದರೆ ಏನೂ ಸಿಗುವುದಿಲ್ಲ. ಅದಕ್ಕೇ ಹೊಳಪು ಸತ್ತು ಮಂಕಾಗುವವರೆಗೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬೇಕು, ಆಮೇಲೆ ಲೋಹವನ್ನು ಕಚ್ಚಿ ಹಿಡಿಯುವ ಎಚ್ಚಿಂಗ್ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಮೇಲಿಂದ ಪಾರದರ್ಶಕ ಕ್ಲಿಯರ್ ಕೋಟ್. ಅಗಲವಾದ ಜಾಗಗಳನ್ನು ನಾನು ಚೆನ್ನಾಗಿಯೇ ಉಜ್ಜಿದ್ದೆ. ಆದರೆ ಕಡ್ಡಿಗಳ ನಡುವಿನ ಮೂಲೆಯಲ್ಲಿ ಬೆರಳೇ ಹೋಗುವುದಿಲ್ಲ. ಇರಲಿ ಬಿಡು, ಯಾರು ನೋಡುತ್ತಾರೆ ಅಂದುಕೊಂಡೆ. ಎರಡು ತಿಂಗಳ ಮೇಲೆ ಪ್ರೆಷರ್ ಪೈಪ್ ಹಿಡಿದು ಕಾರು ತೊಳೆಯುತ್ತಿದ್ದಾಗ ಸರಿಯಾಗಿ ಅದೇ ಮೂಲೆಗಳಿಂದ ಬಣ್ಣ ಎದ್ದು, ಹಾವಿನ ಪೊರೆಯ ಹಾಗೆ ಉದ್ದಕ್ಕೆ ಬಂತು. ಒಂದು ಸಲ ಉಜ್ಜಿದ ಕ್ರೋಮ್ ಮತ್ತೆ ಮೊದಲಿನ ಹಾಗೆ ಹೊಳೆಯುವುದಿಲ್ಲ. ಆ ಹೊಟ್ಟೆಯುರಿ ಇನ್ನೂ ಇದೆ.

ಪೌಡರ್ ಕೋಟಿಂಗ್ ಬಗ್ಗೆ ದೂರಿಲ್ಲ. ಮೂರರಲ್ಲಿ ಜಾಸ್ತಿ ಬಾಳಿಕೆ ಬರುವುದು ಅದೇ. ಆದರೆ ಟೈರ್ ಬಿಚ್ಚಬೇಕು, ಕ್ರೋಮ್ ಪೂರ್ತಿ ತೆಗೆಸಬೇಕು, ಆಮೇಲೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒಲೆಯಲ್ಲಿ ಬೇಯಿಸಬೇಕು, ಕೊನೆಗೆ ಟೈರ್ ಹಾಕಿ ಬ್ಯಾಲೆನ್ಸ್ ಮಾಡಿಸಬೇಕು. ಒಂದೊಂದಕ್ಕೂ ಬೇರೆ ಬೇರೆ ದುಡ್ಡು. ಇನ್ನೊಂದು ವಿಷಯ, ಕೆಲವು ಚಕ್ರಗಳಲ್ಲಿ ಹೊಳೆಯುವುದು ಲೋಹವೇ ಅಲ್ಲ, ಮೇಲೆ ಅಂಟಿಸಿದ ಕ್ರೋಮ್ ಲೇಪದ ಪ್ಲಾಸ್ಟಿಕ್ ಮುಖವಾಡ. ಉಗುರಿನಿಂದ ತಟ್ಟಿ ನೋಡಿ. ಟಕ್ ಟಕ್ ಅಂತ ಮೊಂಡು ಸದ್ದು ಬಂದರೆ ಅದು ಒಲೆಗೆ ಹೋಗುವ ಚಕ್ರವಲ್ಲ.

ವಿನೈಲ್ ಸ್ಟಿಕ್ಕರನ್ನೂ ಒಂದು ಚಕ್ರಕ್ಕೆ ಅಂಟಿಸಲು ಹೋಗಿದ್ದೆ. ಅರ್ಧ ದಿನ ಹೋಯಿತು, ಅಷ್ಟೇ.

ಈಗ ಮೂರಕ್ಕೂ ಅಂಟಿಕೊಂಡಿರುವ ಒಂದು ಕಿರಿಕಿರಿ. ಇದನ್ನು ಯಾರೂ ನನಗೆ ಹೇಳಿರಲಿಲ್ಲ: ನಟ್ ಕೂರುವ ಜಾಗ. ಪೇಂಟ್ ಮಾಡುವಾಗ ತೂತುಗಳ ಒಳಗೂ ಚೆನ್ನಾಗಿ ಕಪ್ಪು ಹೊಡೆದಿದ್ದೆ, ನೋಡಲು ಚಂದ ಇರಲಿ ಅಂತ. ನಾಲ್ಕು ದಿನ ಓಡಿಸಿದ ಮೇಲೆ ಎಡಗಡೆ ಮುಂದಿನ ಚಕ್ರದಿಂದ ಟಿಕ್ ಟಿಕ್ ಅಂತ ಶುರುವಾಯಿತು. ಟೈರಿಗೆ ಕಲ್ಲು ಸಿಕ್ಕಿಕೊಂಡಿರಬೇಕು ಅಂತ ಇನ್ನೆರಡು ದಿನ ಸುಮ್ನೆ ಓಡಿಸಿದೆ! ಕೊನೆಗೆ ಸ್ಪ್ಯಾನರ್ ಹಾಕಿ ನೋಡಿದರೆ ಐದರಲ್ಲಿ ಮೂರು ನಟ್ ಕಾಲು ಸುತ್ತು ಆರಾಮಾಗಿ ತಿರುಗಿದವು. ಕೈಕಾಲು ತಣ್ಣಗಾಯಿತು.

ಆಗಿದ್ದಿಷ್ಟೇ. ನಟ್ ಚಕ್ರವನ್ನು ಹಿಡಿದಿಡುವುದು ಬಿಗಿತದ ಬಲದಿಂದ. ಬಿಗಿ ಮಾಡಿದಾಗ ನಟ್ ಕೂರುವ ಬೋಲ್ಟ್, ಅಂದರೆ ಸ್ಟಡ್, ಕೂದಲೆಳೆಯಷ್ಟು ಹಿಗ್ಗುತ್ತದೆ, ಆ ಎಳೆತವೇ ಚಕ್ರವನ್ನು ಒತ್ತಿ ಹಿಡಿಯುತ್ತದೆ. ಲೋಹಕ್ಕೆ ಲೋಹ ತಾಗಿದ್ದರೆ ಸರಿ. ನಡುವೆ ಬಣ್ಣ ಇದ್ದರೆ ಅದು ಓಡುತ್ತಾ ಓಡುತ್ತಾ ನಜ್ಜಾಗಿ ತೆಳುವಾಗುತ್ತದೆ. ಅಷ್ಟು ಜಾಗ ಖಾಲಿಯಾದರೆ ಸ್ಟಡ್‌ನ ಎಳೆತವೂ ಅಷ್ಟು ಇಳಿಯುತ್ತದೆ. ಚಕ್ರದ ಹಿಂಬದಿ, ಚಕ್ರ ಕೂರುವ ಹಬ್‌ಗೆ ತಾಗುವ ಮುಖಕ್ಕೂ ಇದೇ ಮಾತು.

ಪೌಡರ್ ಹಾಕಿದವರೂ ಇದೇ ಕೆಲಸ ಮಾಡಿ ಕೊಟ್ಟಿದ್ದರು. ಪೌಡರ್ ಪದರ ಪೇಂಟಿಗಿಂತ ದಪ್ಪ, ಕೆರೆದು ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು. ಕೊಡುವಾಗಲೇ ನಟ್ ಜಾಗ ಮುಚ್ಚಿ ಅಂತ ಹೇಳಬೇಕಿತ್ತು, ತಪ್ಪು ನನ್ನದೂ ಇದೆ. ಈಗ ಸ್ಪ್ರೇ ಹಿಡಿಯುವ ಮೊದಲು ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಸ್ಪಂಜಿನ ಬಿರಡೆಗಳನ್ನು ಆ ತೂತುಗಳಿಗೆ ತುರುಕುತ್ತೇನೆ. ಚಕ್ರ ಹಾಕಿದ ಮೇಲೆ ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಿ, 80-100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡುತ್ತೇನೆ. ಇದನ್ನು ಮಾತ್ರ ಬಿಡಬೇಡಿ.

ಇನ್ನು ನನ್ನ ರಬ್ಬರ್ ಸ್ಪ್ರೇ. ಪೌಡರ್ ಹಾಕಿಸಿದ ಸೆಟ್ಟು ಹಳೇ ಕಾರಿನ ಜೊತೆ ಹೋಯಿತು, ಹೊಸ ಕಾರಿನ ಕ್ರೋಮ್‌ಗೆ ಇದನ್ನೇ ಹೊಡೆದೆ. ಉಜ್ಜುವ ಕೆಲಸವಿಲ್ಲ, ಜಿಡ್ಡು ಹೋಗುವ ಹಾಗೆ ತೊಳೆದು ಒಣಗಿಸಿದರೆ ಸಾಕು. ರಿಮ್ಮಿನಿಂದ ಟೈರ್ ಬಿಚ್ಚುವುದೂ ಬೇಡ. ಟೈರಿಗೂ ರಿಮ್ಮಿಗೂ ನಡುವೆ ಸುತ್ತಲೂ ಹಳೇ ಇಸ್ಪೀಟ್ ಎಲೆ ಸಿಕ್ಕಿಸಿದರೆ ಟೈರಿಗೆ ಬಣ್ಣ ತಾಗುವುದಿಲ್ಲ. ಮೊದಲ ಕೋಟ್ ತೆಳುವಾಗಿರಲಿ, ಕೆಳಗಿನ ಕ್ರೋಮ್ ಇಣುಕುತ್ತಿರಬೇಕು. ಅರ್ಧರ್ಧ ಗಂಟೆ ಬಿಟ್ಟು ಒಟ್ಟು ಐದಾರು ಕೋಟ್. ಇಲ್ಲಿ ಜಿಪುಣತನ ಮಾಡಿದರೆ ಸುಲಿಯುವಾಗ ಅನುಭವಿಸುತ್ತೀರಿ. ದಪ್ಪ ಇದ್ದರೆ ಒಂದೇ ಹಾಳೆಯಾಗಿ ಬರುತ್ತದೆ, ತೆಳು ಇದ್ದರೆ ಚೂರು ಚೂರೇ ಕೆರೆಯಬೇಕು.

ಕೊರತೆ ಇಲ್ಲ ಅಂತಲ್ಲ. ಪೆಟ್ರೋಲ್ ತಾಗಿದರೆ ಕರಗುತ್ತದೆ. ಫುಟ್‌ಪಾತಿಗೆ ಉಜ್ಜಿದರೆ ಹರಿಯುತ್ತದೆ. ಪ್ರೆಷರ್ ಪೈಪನ್ನು ಅಂಚಿನ ಹತ್ತಿರ ಹಿಡಿದರೆ ಎದ್ದೇಳುತ್ತದೆ. ಕ್ರೋಮ್ ಮೊದಲೇ ಗುಳ್ಳೆ ಎದ್ದಿದ್ದರೆ ಇದು ಮದ್ದಲ್ಲ, ಸುಲಿಯುವಾಗ ಸಡಿಲ ಕ್ರೋಮ್ ಕೂಡ ಜೊತೆಗೇ ಬರಬಹುದು.

ನನಗೆ ಒಂದು ಬಣ್ಣ ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಕಾರು ಮಾರುವಾಗ ಕ್ರೋಮ್ ಕ್ರೋಮಾಗಿಯೇ ಇರಬೇಕು, ಕೆಲಸಕ್ಕೆ ಒಂದು ಭಾನುವಾರ ಸಾಕಾಗಬೇಕು, ಒಂದು ಚಕ್ರಕ್ಕೆ ಒಂದು ಡಬ್ಬಿಗಿಂತ ಹೆಚ್ಚು ಖರ್ಚಾಗಬಾರದು. ಹತ್ತು ವರ್ಷ ಒಂದೇ ಕಾರು, ಒಂದೇ ಬಣ್ಣ ಅನ್ನುವವರು ಸುಮ್ನೆ ಪೌಡರ್ ಕೋಟಿಂಗ್ ಮಾಡಿಸಿಕೊಳ್ಳಿ. ನಾನು ಹೋದ ವಾರ ಕಪ್ಪು ಸುಲಿದೆ. ಕೆಳಗೆ ಕ್ರೋಮ್ ಹೊಸದರ ಹಾಗೆ ಹೊಳೆಯುತ್ತಿತ್ತು. ಗನ್ ಮೆಟಲ್ ಅನ್ನುವ ಕಡು ಬೂದು ಬಣ್ಣದ ನಾಲ್ಕು ಡಬ್ಬಿ ತಂದಿಟ್ಟಿದ್ದೇನೆ, ಮಳೆ ಬಿಡಲಿ ಅಂತ ಕಾಯುತ್ತಿದ್ದೇನೆ.