ನೆಬ್ರಾಸ್ಕಾ, 1867: ಹೋಮ್‌ಸ್ಟೆಡ್ ಜಮೀನೋ, ಪ್ರಿಎಂಪ್ಷನ್ ಜಮೀನೋ?

ಅಮೆರಿಕದ ನೆಬ್ರಾಸ್ಕಾ ರಾಜ್ಯವಾದ 1867ರಲ್ಲಿ ಅಲ್ಲಿಗೆ ಬಂದ ಒಕ್ಕಲಿನ ಮುಂದೆ ಸರ್ಕಾರಿ ಜಮೀನು ಪಡೆಯಲು ಮುಖ್ಯವಾಗಿ ಎರಡು ಕಾನೂನುಗಳಿದ್ದವು: ವಾಸವಿದ್ದು ಉತ್ತು ಪಡೆಯುವ ಹೋಮ್‌ಸ್ಟೆಡ್, ನೆಲೆಸಿದವನೇ ಮೊದಲು ಕೊಳ್ಳುವ ಪ್ರಿಎಂಪ್ಷನ್. ಎರಡರಲ್ಲೂ ಗರಿಷ್ಠ 160 ಎಕರೆ. ವ್ಯತ್ಯಾಸವೆಲ್ಲ ಹಣ ಮತ್ತು ಕಾಲದ್ದು.

1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಶುಲ್ಕ, ಕಮಿಷನ್ ಸೇರಿ ಸುಮಾರು 18 ಡಾಲರ್ ಸಾಕು. ಆದರೆ ಐದು ವರ್ಷ ಅಲ್ಲೇ ವಾಸವಿದ್ದು ಉಳಬೇಕು. ಆರು ತಿಂಗಳಿಗಿಂತ ಹೆಚ್ಚು ಬಿಟ್ಟುಹೋದರೆ ಹಕ್ಕು ಹೋಗಬಹುದು. ಬರ ಬಿದ್ದಾಗ ಕೂಲಿಗೆಂದು ದೂರ ಹೋಗುವವರಿಗೆ ಇದೇ ದೊಡ್ಡ ಅಪಾಯ. ರೈಲ್ವೆ ಕಂಪನಿಗಳಿಗೆ ಸರ್ಕಾರ ಜಮೀನು ಅನುದಾನ ಕೊಟ್ಟ, ಹಳಿಯ ಅಕ್ಕಪಕ್ಕದ ನೆಲದ ಪಟ್ಟಿಯೊಳಗಾದರೆ ಸಿಗುವುದು 80 ಎಕರೆ ಮಾತ್ರ. ಪಟ್ಟಾ ಬರುವ ಮೊದಲು ಮಾಡಿದ ಸಾಲಕ್ಕೆ ಈ ಜಮೀನನ್ನು ಜಪ್ತಿ ಮಾಡುವಂತಿಲ್ಲ. ಬಡ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ಆಸರೆ ಬೇರೆಯಿಲ್ಲ.

1841ರ ಪ್ರಿಎಂಪ್ಷನ್ನಿನಲ್ಲಿ ಎಕರೆಗೆ 1.25 ಡಾಲರ್, ಅಂದರೆ ಒಟ್ಟು 200. ರೈಲ್ವೆ ಪಟ್ಟಿಯೊಳಗೆ ದರ ಎರಡು ಪಟ್ಟು. ಪಟ್ಟಾ ಬೇಗ ಕೈಗೆ ಬರುತ್ತದೆ, ಮಾರಬಹುದು. ಆದರೆ ಆ 200 ಡಾಲರನ್ನೇ ಬಡ್ಡಿಗೆ ತಂದರೆ ಒಂದು ಬೆಳೆ ಕೆಟ್ಟರೂ ಜಮೀನು ಸಾಲ ಕೊಟ್ಟವನ ಪಾಲು.

ಕೈಯಲ್ಲಿ ಹಣವಿಲ್ಲದವನಿಗೆ ಹೋಮ್‌ಸ್ಟೆಡ್ಡೇ ಸರಿ. ಆಮೇಲೆ ಹಣ ಕೂಡಿದರೆ, ಆರು ತಿಂಗಳ ವಾಸದ ನಂತರ ಪ್ರಿಎಂಪ್ಷನ್ನಿನ ದರವನ್ನೇ ಕಟ್ಟಿ ಪಟ್ಟಾ ಪಡೆಯಲೂ ಅವಕಾಶವಿತ್ತು. ಊರು ಕಟ್ಟುವ ಉದ್ದೇಶಕ್ಕೆ ಮಾತ್ರ ಎರಡೂ ಸಲ್ಲವು. ಅದಕ್ಕೆ ಟೌನ್‌ಸೈಟ್ ಕಾಯ್ದೆಯೇ ಬೇರೆ.