ಮಳೆಯೂರಿನ ಮನೆಗೆ ಒಂದು ಫೋಟೊ ಪ್ರಿಂಟರ್: ಕ್ಯಾನನ್ ಸೆಲ್ಫಿ ಸಿಪಿ1500

ಫೋನಿನಲ್ಲಿರುವ ಫೋಟೊಗಳನ್ನು ಮನೆಯಲ್ಲೇ ಪ್ರಿಂಟ್ ಮಾಡಬೇಕು, ಆದರೆ ದಿನಾ ಅಲ್ಲ, ಯಾವಾಗಲೋ ಒಮ್ಮೆ. ಅಂಥವರಿಗೆ ನಾನು ಧೈರ್ಯವಾಗಿ ಹೇಳುವ ಮಷೀನ್ ಇದು. ನಮ್ಮದು ಮಲೆನಾಡಿನ ಸಾಗರ ಊರಿನ ಕಡೆಯ ಹಳೇ ಮನೆ. ಮಳೆಗಾಲದ ಥಂಡಿಯಲ್ಲಿ ಇದು ಹೇಗಿರುತ್ತದೆ ಅಂತ ನೋಡಿಯೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಮನೆಯಲ್ಲಿ ಒಂದು ಇಂಕ್‌ಜೆಟ್, ಅಂದರೆ ದ್ರವದ ಇಂಕ್ ಚಿಮ್ಮಿಸುವ ಪ್ರಿಂಟರ್ ಇತ್ತು. ನಾವು ಫೋಟೊ ತೆಗೆಸುವುದು ಹಬ್ಬಕ್ಕೆ, ಮದುವೆಗೆ, ಮಕ್ಕಳು ಬೆಂಗಳೂರಿನಿಂದ ಬಂದಾಗ. ನಡುವೆ ತಿಂಗಳುಗಟ್ಟಲೆ ಪ್ರಿಂಟರ್ ಸುಮ್ನೆ ಕೂತಿರುತ್ತದೆ. ಇಂಕ್ ಒಣಗಿ ನಾಝಲ್ (ಇಂಕ್ ಹೊರಬರುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಕ್ಲೀನಿಂಗ್ ಒತ್ತಿದರೆ ಮತ್ತಷ್ಟು ಇಂಕ್ ಖಾಲಿ.

ಈ ಸೆಲ್ಫಿ ಪ್ರಿಂಟರಿನಲ್ಲಿ ದ್ರವದ ಇಂಕೇ ಇಲ್ಲ. ಬಣ್ಣ ಇರುವುದು ರಿಬ್ಬನ್ ಅನ್ನುವ ತೆಳು ಪಟ್ಟಿಯ ಮೇಲೆ. ಬಿಸಿ ತಾಗಿದಾಗ ಆ ಬಣ್ಣ ಆವಿಯಾಗಿ ಕಾಗದದೊಳಗೆ ಇಳಿಯುತ್ತದೆ. ಮೊದಲು ಹಳದಿ, ಆಮೇಲೆ ಮಜೆಂಟಾ (ಕಡು ಗುಲಾಬಿ), ಆಮೇಲೆ ಸಯಾನ್ (ತಿಳಿ ಹಸಿರು ನೀಲಿ). ಹಾಳೆ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತದೆ. ಕೊನೆಯ ಸಲ ಮೇಲೊಂದು ಪಾರದರ್ಶಕ ಪದರ ಕೂರುತ್ತದೆ. ನಮ್ಮಂಥ ಊರಿಗೆ ಇದೇ ಮುಖ್ಯ. ಹನಿ ನೀರು ಬಿದ್ದರೂ ಒರೆಸಿಬಿಡಬಹುದು, ಒದ್ದೆ ಬೆರಳು ತಾಗಿದರೂ ಬಣ್ಣ ಕದಡುವುದಿಲ್ಲ. ಒಂದು ಫೋಟೊಗೆ ಮುಕ್ಕಾಲು ನಿಮಿಷವೂ ಬೇಡ. ಹಾಳೆ ಹಿಂಬದಿಯಿಂದಲೂ ಹೊರಗೆ ಚಾಚುವುದರಿಂದ ಗೋಡೆಗೆ ಒತ್ತಿ ಇಡಬೇಡಿ.

ಖರ್ಚಿನ ವಿಷಯ. ಕಾಗದ ಮತ್ತು ರಿಬ್ಬನ್ ಒಟ್ಟಿಗೇ ಬರುತ್ತವೆ: ನಾವು ತರಿಸುವ ಪ್ಯಾಕಿನಲ್ಲಿ 108 ಹಾಳೆಗೆ ಮೂರು ರಿಬ್ಬನ್, ಒಂದೊಂದರಲ್ಲಿ 36 ಫೋಟೊ. ಅಷ್ಟೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಾವು ತರಿಸಿದ ಬೆಲೆಗೆ ಒಂದು ಫೋಟೊ ಹತ್ತಿರಹತ್ತಿರ 25 ರೂಪಾಯಿ ಬೀಳುತ್ತದೆ. ಪೇಟೆಯ ಸ್ಟುಡಿಯೋದಲ್ಲಿ ಇದಕ್ಕಿಂತ ಕಡಿಮೆಗೆ ಆಗುತ್ತದೆ. ಹಾಗಾಗಿ ಮದುವೆಯ ಇನ್ನೂರು ಮುನ್ನೂರು ಫೋಟೊ ಹಾಕಿಸುವುದಿದ್ದರೆ ಸ್ಟುಡಿಯೋಗೇ ಹೋಗಿ. ಮೊಮ್ಮಗಳು ವಾಪಸ್ ಹೊರಡುವ ಮುಂಚೆ ನಮ್ಮ ಅತ್ತೆ 'ಫೋನಲ್ಲಿ ತೋರಿಸ್ಬೇಡ, ನನ್ನ ಕೈಗೆ ಕೊಡು' ಅಂದಾಗ ಐದೇ ಫೋಟೊ ತೆಗೆದುಕೊಡುವ ಸುಖ ಮಾತ್ರ ಈ ಮಷೀನಿನದು. ಆ 25 ರೂಪಾಯಿ ನನಗೆ ಜಾಸ್ತಿ ಅನ್ನಿಸಿಲ್ಲ.

ವಾಟ್ಸಾಪ್‌ನಲ್ಲಿ ಬಂದ ಫೋಟೊ ಸಾಲುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇದರ ಪೋಸ್ಟ್‌ಕಾರ್ಡ್ ಅಳತೆ 100 ಗುಣಿಸು 148 ಮಿಲಿಮೀಟರ್. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಉದ್ದಕ್ಕೆ ಸುಮಾರು 1750 ಪಿಕ್ಸೆಲ್ ಬೇಕು. 1600 ಇದ್ದರೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಸ್ಟೇಟಸ್‌ನಿಂದ ಸ್ಕ್ರೀನ್‌ಶಾಟ್ ತೆಗೆದದ್ದು ಬೇಡ. ಡಾಕ್ಯುಮೆಂಟ್ ಮಾಡಿ ಕಳಿಸಲು ಹೇಳಿದರೆ ಮೂಲ ಫೋಟೊವೇ ಬರುತ್ತದೆ. ಇನ್ನೊಂದು, ಫೋನಿನ ಫೋಟೊದ ಉದ್ದ ಅಗಲದ ಲೆಕ್ಕ ಸಾಮಾನ್ಯವಾಗಿ 4:3 ಇರುತ್ತದೆ, ಈ ಹಾಳೆ ಅದಕ್ಕಿಂತ ಉದ್ದ. ಅಂಚಿಲ್ಲದೆ ತೆಗೆದರೆ ಗುಂಪು ಫೋಟೊದಲ್ಲಿ ಹಿಂದಿನ ಸಾಲಿನವರ ತಲೆ ಹೋಗಬಹುದು. ಅಂಥ ಫೋಟೊಗೆ ಬಿಳಿ ಅಂಚು ಆರಿಸಿ.

ದೊಡ್ಡ ಫೋಟೊ ಇದರಲ್ಲಿ ಆಗುವುದಿಲ್ಲ. ಬ್ಯಾಟರಿ ಬೇಕಾದರೆ ಬೇರೆಯಾಗಿ ಕೊಳ್ಳಬೇಕು. ನಾವು ಮನೆಯ ಯುಪಿಎಸ್ ಮೇಲೆ ನಡೆಸುತ್ತೇವೆ. ರಿಬ್ಬನ್ನಿಗೆ ಧೂಳು ಕೂತರೆ ಫೋಟೊದಲ್ಲಿ ಬಿಳಿ ಚುಕ್ಕೆ ಬರುತ್ತದೆ, ಕೆಲಸ ಮುಗಿದ ಕೂಡಲೇ ಮುಚ್ಚಿಡಿ.

ಪ್ರಿಂಟ್ ಬಂದ ಮೇಲಿನ ಕೆಲಸಕ್ಕೆ ಯಾರೂ ಅಷ್ಟು ಗಮನ ಕೊಡುವುದಿಲ್ಲ ಅಲ್ವಾ? ಆಲ್ಬಮ್‌ನಲ್ಲಿಟ್ಟರೆ ನೂರು ವರ್ಷ ಬಾಳುತ್ತದೆ ಅಂತ ಕಂಪನಿ ಹೇಳುತ್ತದೆ. ಆಲ್ಬಮ್‌ನಲ್ಲಿಟ್ಟರೆ ಅನ್ನುವುದನ್ನು ನೆನಪಿಡಿ. ನೇರ ಬಿಸಿಲು ಬೀಳುವ ಗೋಡೆಯಲ್ಲಿ ಯಾವ ಫೋಟೊವೂ ಬಣ್ಣ ಉಳಿಸಿಕೊಳ್ಳುವುದಿಲ್ಲ. ಗಾಜಿನ ಫ್ರೇಮ್ ಹಾಕಿಸುವಾಗ ಫೋಟೊ ಸುತ್ತ ದಪ್ಪ ರಟ್ಟಿನ ಚೌಕಟ್ಟು ಇಡಲು ಹೇಳಿ. ಇಲ್ಲದಿದ್ದರೆ ಥಂಡಿಗೆ ಫೋಟೊ ಗಾಜಿಗೆ ಅಂಟಿಬಿಡುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ನಮ್ಮ ಅಜ್ಜನ ಕಾಲದ ಫೋಟೊಗಳಲ್ಲಿ ಕೆಲವು ಹೀಗೇ ಹಾಳಾಗಿವೆ. ಮಣ್ಣಿನ ಗೋಡೆಗೆ ಫ್ರೇಮ್ ಹಾಕುವಾಗ ಹಿಂದಿನ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ. ಗಾಳಿ ಆಡಲು ಜಾಗವಿದ್ದರೆ ಬೂಸ್ಟು ಹಿಡಿಯುವುದು ಕಡಿಮೆ. ಜಗುಲಿಯಲ್ಲಿ ನಾವು ಫ್ರೇಮೇ ಬಿಟ್ಟು ಗೀರು ಹಾಕಿದ ಮರದ ಪಟ್ಟಿ ಹೊಡೆಸಿದ್ದೇವೆ. ಫೋಟೊಗಳನ್ನು ಅದರಲ್ಲಿ ನಿಲ್ಲಿಸುವುದು, ಹಬ್ಬಕ್ಕೊಮ್ಮೆ ಬದಲಾಯಿಸುವುದು. ತೆಗೆದವು ಆಲ್ಬಮ್ಮಿಗೆ.

ಮುಗಿದ ರಿಬ್ಬನ್ನನ್ನು ಬೆಳಕಿಗೆ ಹಿಡಿದು ನೋಡಿ. ನೀವು ಪ್ರಿಂಟ್ ಮಾಡಿದ ಒಂದೊಂದು ಫೋಟೊದ ನೆಗೆಟಿವ್ ಅದರಲ್ಲಿ ಹಾಗೇ ಇರುತ್ತದೆ. ಆಧಾರ್ ಕಾರ್ಡ್, ಪುಟ್ಟ ಮಕ್ಕಳ ಫೋಟೊ ಪ್ರಿಂಟ್ ಮಾಡಿದ್ದರೆ ರಿಬ್ಬನ್ ಎಳೆದು ಚೂರು ಚೂರು ಕತ್ತರಿಸಿಯೇ ಕಸಕ್ಕೆ ಹಾಕಿ.